ಬಚ್ಚಲ ಮೋರಿ ಮಗ್ಗಲಿನ ಪ್ರಿಮುಲಾ

ನನ್ನ ಬಾಯಾಗ ಎಳ್ಳಕಾಳು ನೆನಿಯೂದಿಲ್ಲ ಅಂತ ನನ್ನ ಹೆಣ್ತಿ ಅಂಜನಾಬಾಯಿ ಇಡೀ ಬೀದರಿಗಿ ಹೇಳ್ಯಾಳ. ಇದು ಶುದ್ಧ ಅನ್ಯಾಯರಿ. ಗುಟ್ಟು ಕಾಯೂದ್ರಾಗ ನಾ ಕಿಲ್ಲಾದ ಬಾಗಿಲಿದ್ದಂಗ. (ಅಗಳಿ ಇಲ್ಲದ ಬಾಗಿಲು, ಅಂತಾಳ ಆಕಿ.)

ನಿಜಾಮನ ರಜಾಕಾರರ ಲೂಟಿ ಗದ್ದಲ ಜೋರಾದಾಗ ಬಟ್ಟಿಯಿಂದ ಬಾಯಿ ಕಟ್ಟಿದ ತಂಬಿಗಿಯೊಂದನ್ನ ತಂದು ಆಕಿ ನನ್ನ ಕೈಯಾಗ ಇಟ್ಟಳು. "ಇದರಾಗ ನಮ್ಮವ್ವನ ಬಂಗಾರದ ಪುತಳಿ ಸರ ಅದರಿ. ಸತ್ತಾಕಿದು ನನಗ ಉಳದದ್ದು ಅದೊಂದೇ. ಹುಗೀರಿ" ಅಂದಳು. ಆಕಿ ಕಣ್ಣಾಗ ನೀರಿತ್ತು.

ಬಚ್ಚಲ ಮೋರಿ ಮಗ್ಗಲಿಗಿ ಹುಗದೆ. ಆದ್ರ ಕೆದರಿದ ಮಣ್ಣು ಕಂಡ್ರ ಅನುಮಾನ ಬರ್ತದಲ್ಲ? ಬಾಜೂ ಮನಿ ಕರೀಮ ಸಾಬ ದೊಡ್ಡ ಸಾಹೇಬರೊಬ್ಬರ ಬಂಗಲೇದಾಗ ಮಾಲಿ. ಅವನ ಕಡಿಂದ ಪ್ರಿಮುಲಾ ಅನ್ನೂ ವಿಲಾಯತಿ ಹೂವಿನ ಸಸಿ ತಂದು ಮ್ಯಾಲ ಹಚ್ಚಿದೆ. "ಬುಡ ಯಾವಾಗ್ಲೂ ಹಸೀನೇ ಇರಬೇಕು ವೈಜಿನಾಥಣ್ಣಾ" ಅಂದಿದ್ದ. ಮೋರಿ ನೀರೆಲ್ಲ ಅಲ್ಲಿಗೇ ತಿರುವಿದೆ.

ಬೀದರದಾಗ ಪ್ರಿಮುಲಾ! ಸುಮ್ಮನಿರೂದು ಹ್ಯಾಂಗ? ಅಷ್ಟೂರದಿಂದ ಬಂದ ಬೀಗರಿಗಿ ತೋರಿಸಿದೆ, ಹಾಲಿನ ಬಕ್ಕಪ್ಪಗ ತೋರಿಸಿದೆ. "ನೋಡ್ರಿ, ಆದ್ರ ಅಲ್ಲಿ ಮಾತ್ರ ಕೆದರಬ್ಯಾಡ್ರಿ" ಅಂತ ಎಲ್ಲರಿಗೂ ತಾಕೀತು ಮಾಡಿದೆ. ಅಂಜನಾಬಾಯಿ ಹಣಿ ಹಣಿ ಬಡಕೊಂಡಳು.

ಗಿಡ ಮಾತ್ರ ಹಳದಿ ಬಿದ್ದು ಸೊರಗಿದವು. ಇನ್ನಷ್ಟು ನೀರು ಹಾಕಿದೆ. ಇನ್ನಷ್ಟು ಸೊರಗಿದವು.

ಪೋಲೀಸ್ ಆ್ಯಕ್ಷನ್ ಆತು, ಭಾರತದ ಫೌಜು ಬಂದು ರಜಾಕಾರರು ಓಡಿಹೋದರು. ನಮ್ಮ ಮನಿ ಅಂಜಿಕಿ ಗ್ವಾಡಿ ದಾಟಿ ಕರೀಮ ಸಾಬನ ಮನಿಗಿ ಹೋತು. ಒಂದು ಮುಂಜಾನಿ ಅವನ ಹೆಣ್ತಿ ಆಬೇದಾ ಹಿತ್ತಲ ಬಾಗಿಲಿಂದ ಬಂದಳು. ಸೆರಗಿನಾಗಿಂದ ಪುತಳಿ ಸರ ತಗದು ನನ್ನ ಹೆಣ್ತಿ ಕೈಯಾಗ ಇಟ್ಟು, "ನೀ ನನ್ನ ಕಡಿ ಇಟ್ಟಿದ್ದ ಅಮಾನತ್ ತಗೋ ಅಕ್ಕಾ" ಅಂದಳು. ಆಮ್ಯಾಲ ತನ್ನ ಬಂಗಾರದ ಬಳಿ ಬಿಚ್ಚಿ, "ಈಗ ಇವನ್ನ ನೀ ಇಟ್ಕೋ" ಅಂದಳು.

ನಾ ಬಾಯಿ ತೆಗದು ನಿಂತೆ. "ಮತ್ತ ನಾ ಹುಗದ ತಂಬಿಗ್ಯಾಗ ಏನದ?"

"ಉಪ್ಪು ಅದರಿ" ಅಂದಳು ಅಂಜನಾಬಾಯಿ. "ಸರದಷ್ಟು ವಜ್ಜಿ ಇರ್ಲಿ ಅಂತ ತುಂಬೀನಿ."

ನಾ ನೀರು ಹಾಕಿದಷ್ಟೂ ಆ ಉಪ್ಪು ಕರಗಿ ಬೇರಿಗಿ ಇಳದಿತ್ತು. ಸಿಟ್ಟು ನೆತ್ತಿಗೇರಿತು. ಆದ್ರ ಇಬ್ಬರೂ ಕೈ ಹಿಡಕೊಂಡು ಅಳೂದು ನೋಡಿ ನನ್ನ ಕಣ್ಣೂ ತುಂಬಿದವು.

"ಚಿಂತಿ ಮಾಡಬ್ಯಾಡವ್ವ ಆಬೇದಾ" ಅಂದೆ. "ಈ ಬಳಿ ಎಲ್ಲಿಡೋಣಂದ್ರ..."

ಇಬ್ಬರೂ ಒಮ್ಮೆಲೇ ಅಳೂದು ನಿಲ್ಲಿಸಿ ನನ್ನ ಕಡಿ ತಿರುಗಿದರು.

"ನೀವು ಸ್ವಲ್ಪ ಹೊರಗ ಹೋಗ್ರಿ" ಅಂದಳು ಅಂಜನಾಬಾಯಿ. "ಹೂವಿಗಿ ನೀರು ಹಾಕ್ರಿ."

ಹೋಗಿ ಹಾಕಿದೆ.