ಯಾರ ಸೆಟ್ಟಿಂಗೂ ಕೆಡದ ಹಾಗೆ

ಅಡುಗೆಯಾಕೆ ಒಳಗೆ ಬರಲೊಲ್ಲೆನೆಂದು ಬೆಳಿಗ್ಗೆ ಗೇಟಿನ ಮುಂದೆ ಕೂತುಬಿಟ್ಟದ್ದೇ ಎಲ್ಲಕ್ಕೂ ಮೂಲ. ಆಕೆ ಕಾರ್ಡು ತೋರಿಸಿದಾಗಲೆಲ್ಲ ಗೇಟಿನ ಪರದೆಯ ಮೇಲೆ ‘ಆಳು ಬಂದಿದೆ’ ಎಂದು ಮೂಡುತ್ತಿತ್ತು.

“ಹಸು ಬಂದಿದೆ ಅಂದ್ಹಾಗೆ,” ಎಂದರು ಆಕೆ. “ಇವತ್ತು ನಿಮ್ಮ ಅಡುಗೆ ನೀವೇ ಮಾಡ್ಕೊಳ್ಳಿ.”

ಆರು ಮನೆಗಳ ಒಲೆ ಹೊತ್ತಲಿಲ್ಲ. ಅದರಲ್ಲಿ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರದೂ ಒಂದು. ಅವರು ಗೇಟಿನ ತಂತ್ರಾಂಶ ಬರೆದ ಮೂರನೇ ಮಹಡಿಯ ಸೊಸೆಯನ್ನು ಕರೆಸಿದರು.

“ನೋಡಮ್ಮ, ‘ಯಜಮಾನ’, ‘ಆಳು’ ಎರಡೂ ತೆಗೀರಿ. ‘ಮನೆಯವರು’, ‘ಸಹಾಯಕರು’ ಅಂತ ಬರ್ಲಿ. ಆದ್ರೆ ಯಾರ ಸೆಟ್ಟಿಂಗೂ ಕೆಡಬಾರ್ದು. ಒಂದು ಕೆಟ್ರೂ ಕೆಲ್ಸ ಬೇರೆಯವ್ರಿಗೆ.”

ಅವಳಿಗಿದ್ದದ್ದು ಇದೊಂದೇ ಗಿರಾಕಿ. ಹತ್ತು ನಿಮಿಷದಲ್ಲಿ ಪದ ಬದಲಿಸಿದಳು. ಹನ್ನೊಂದನೇ ನಿಮಿಷಕ್ಕೆ ಗೇಟು ಸಾಲ ಕೊಟ್ಟ ನೆಂಟನನ್ನು ಕಂಡವರಂತೆ ಎಲ್ಲರಿಗೂ ಗುರುತಿಲ್ಲವೆಂದಿತು. ಮನೆಮನೆಯ ದಾಖಲೆಯಲ್ಲಿದ್ದದ್ದು ಹಳೇ ಪದ. ಗೇಟು ಹುಡುಕುತ್ತಿದ್ದದ್ದು ಹೊಸದು.

“ನನ್ನ ಮನೆಗೆ ನಾನೇ ಹೊರಗಿನವನಾ?” ಎಂದರು ವಾಕಿಂಗ್ ಮುಗಿಸಿ ಬಂದ ದಂತವೈದ್ಯರು.

“ಕಾಯಿರಿ ಡಾಕ್ಟ್ರೇ,” ಎಂದರು ಎರಡನೇ ಮಹಡಿಯ ಅಜ್ಜಿ. “ನಿಮ್ಮ ಕ್ಲಿನಿಕ್ಕಲ್ಲಿ ನಾವು ಬಾಯಿ ತೆಕ್ಕೊಂಡು ಕಾಯಲ್ವಾ?”

ಸೊಸೆ ಗೇಟಿನ ಹೊರಗೆ ಬಂದು ಕಾವಲುಗಾರರ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದಳು. ದಾಖಲೆಗಳನ್ನು ಮುಟ್ಟಲಿಲ್ಲ. ಹಳೇ ಪದ ಕಂಡರೆ ಹೊಸದೆಂದೇ ಓದಿಕೋ ಎಂದು ಗೇಟಿಗೆ ಕಲಿಸಿದಳು. ಒಬ್ಬೊಬ್ಬರೇ ಒಳಹೋದರು. ‘ಸಹಾಯಕರು ಬಂದಿದ್ದಾರೆ’ ಎಂಬುದನ್ನು ಎರಡು ಸಲ ಓದಿ ಅಡುಗೆಯಾಕೆಯೂ ಎದ್ದರು.

“ಸಂಜೆವರೆಗೂ ಇಲ್ಲೇ ಕೂತು ಎಲ್ಲಾ ಕಾರ್ಡೂ ನೋಡಿ,” ಎಂದರು ಅಧ್ಯಕ್ಷರು. “ಇನ್ನು ಸಭೆ ಒಪ್ಪದೆ ಯಾರ ದಾಖಲೇನೂ ತಿದ್ದಲ್ಲ ಅಂತ ಬರ್ಕೊಡಿ. ಸಭೆ ಮುಂದಿನ ತಿಂಗ್ಳು.”

ಬರೆದುಕೊಟ್ಟಳು. ಒಂದೂ ದೂರು ಬರಲಿಲ್ಲ. ಆರೂವರೆಗೆ ಲ್ಯಾಪ್‌ಟಾಪ್ ಮುಚ್ಚಿ ತನ್ನ ಕಾರ್ಡು ತೆಗೆದಳು. ಮನೆಯಿಂದಲೇ ಕೆಲಸ ಮಾಡಿ, ಹೊರಗೆ ಹೋದರೆ ಗಂಡನ ಕಾರಿನಲ್ಲೇ ಹೋಗುವ ಅವಳಿಗೆ ಅದು ಈವರೆಗೆ ಬೇಕಾಗಿರಲಿಲ್ಲ.

‘ಸಹಾಯಕರಿಗೆ ಪ್ರವೇಶ ಆರರವರೆಗೆ ಮಾತ್ರ. ದಯವಿಟ್ಟು ನಾಳೆ ಬನ್ನಿ.’

ಕಾರ್ಡನ್ನು ಸೆರಗಿಗೆ ಒರೆಸಿ ಮತ್ತೆ ತೋರಿಸಿದಳು. ಅದೇ ಮಾತು. ಗಂಡನಿಗೆ ಫೋನು ಹಚ್ಚಿದಳು.

“ಮನೆಗೆ ಇಬ್ರೇ ಯಜಮಾನ್ರು ಅಂತ ನೀನೇ ತಾನೆ ಮಾಡಿದ್ದು? ನಾನು, ಅಮ್ಮ ಆಗೋಯ್ತು. ನಿನ್ನ ಇನ್ನೊಂದ್ರಲ್ಲಿ ಸೇರಿಸ್ದೆ. ಇರು, ಈ ಮ್ಯಾಚ್ ಮುಗೀಲಿ, ಬರ್ತೀನಿ.”

ಲ್ಯಾಪ್‌ಟಾಪ್ ಬಿಚ್ಚಲು ಹೋದವಳಿಗೆ ಬರೆದುಕೊಟ್ಟ ಕಾಗದ ನೆನಪಾಯಿತು. ಮತ್ತೆ ಸ್ಟೂಲಿನ ಮೇಲೆ ಕೂತಳು.

ಕೆಲಸ ಮುಗಿಸಿ ಹೊರಬಂದ ಅಡುಗೆಯಾಕೆ ಪರದೆ ನೋಡಿದರು, ಅವಳನ್ನು ನೋಡಿದರು.

“ಬೇಜಾರು ಮಾಡ್ಕೋಬೇಡಿ ಅಮ್ಮ. ಈಗ ಮರ್ಯಾದೆಯಿಂದ ಹೇಳ್ತಿದೆಯಲ್ಲ.”