ಎಲ್ಲರ ಪಟ್ಟಿಗೂ ನನ್ನದೊಂದು ಮೊಳೆ

ಸುಮ್ಮನಿದ್ದರೆ ಸುಖವಾಗಿರುತ್ತಿದ್ದೆ. ಲಕ್ಷ್ಮೀಪುರಂನ ಪುಟ್ಟ ಆಫೀಸಿನಲ್ಲಿ ಕೋಡ್ ಬರೆಯುವ ನನಗೆ ಅದೊಂದೇ ಬರುವುದಿಲ್ಲ.

೧

ನಾವು ಕೋಡ್ ಬರೆಯುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಪಟ್ಟಿಗಳಿಗೆಲ್ಲ ಪ್ರೊಟೊಟೈಪ್ ಎಂಬ ಒಂದೇ ಮೂಲ ಅಚ್ಚು. ಅದಕ್ಕೇನು ಅಂಟಿಸಿದರೂ ಎಲ್ಲ ಪಟ್ಟಿಗಳಿಗೂ ಬರುತ್ತದೆ. ನಾನು ಸ್ವಂತದ ನಾಲ್ಕು ಮೆಥಡ್, ಅಂದರೆ ಪಟ್ಟಿಯಿಂದ ಕೆಲಸ ಮಾಡಿಸುವ ಆಜ್ಞೆಗಳನ್ನು, ಅಂಟಿಸಿದೆ. ಚುಕ್ಕಿ ಇಟ್ಟು ಒಂದರ ಹಿಂದೊಂದು ಪೋಣಿಸಿದರೆ ಹತ್ತು ಸಾಲಿನ ಕೆಲಸ ಒಂದೇ ಸಾಲಿಗೆ! ಎರಡೆರಡು ಸಲ ಬಂದದ್ದನ್ನು ತೆಗೆದು ಅಕ್ಷರಕ್ರಮದಲ್ಲಿ ಜೋಡಿಸುವುದಕ್ಕೆ ‘ಯೂನಿಸಾರ್ಟ್’ ಎಂದು ಹೆಸರಿಟ್ಟು, ಸೀನಿಯರ್ ಮೇಡಂಗೆ ಹೆಮ್ಮೆಯಿಂದ ತೋರಿಸಿದೆ.

"ಬಾಡಿಗೆ ಮನೆ ಗೋಡೆ ಒಡೀಬಾರದು ಕಣ್ರೀ" ಎಂದರು.

"ಒಡೀತಿಲ್ಲ ಮೇಡಂ, ಮೊಳೆ ಹೊಡೀತಿದೀನಿ ಅಷ್ಟೆ."

"ನಿಮ್ಮ ಮೊಳೆ ಪಕ್ಕದ ಮನೆಯವರ ತಲೆಗೆ ಚುಚ್ಚುತ್ತೆ, ನೋಡ್ತಿರಿ."

೨

ಹೀಗೆ ಪೋಣಿಸಬೇಕಾದರೆ ಪ್ರತಿ ಮೆಥಡ್ಡೂ ಕೆಲಸ ಮುಗಿಸಿ ಪಟ್ಟಿಯನ್ನು ಮುಂದಿನವನ ಕೈಗೆ ಕೊಡಬೇಕು. ಒಂದರಲ್ಲಿ ಹಾಗೆ ಕೊಡುವ ಸಾಲನ್ನೇ ಬರೆಯಲು ಮರೆತಿದ್ದೆ. ಬಾಸ್ ಎದುರು ತೋರಿಸುವಾಗ ಪರದೆ ಬೆಳ್ಳಗೆ ನಿಂತಿತು.

"ಏನ್ರೀ ಇದು?"

"ಸರಳವಾದ ಡಿಸೈನ್ ಸರ್."

"ಇನ್ನೊಂದ್ಸಲ ಹಿಂಗಾದ್ರೆ ಕೋಡ್ ಮುಟ್ಬೇಡಿ. ಗಿರಾಕಿಗಳ ಫೋನ್ ಎತ್ಕೊಂಡು ಕೂತ್ಕೊಳ್ಳಿ!"

ಫೋನ್ ಬಡಿದುಕೊಂಡರೆ ನಾನು ಟೀ ನೆಪದಲ್ಲಿ ಹೊರಗೆ ಹೋಗಿಬಿಡುತ್ತೇನೆ. ಆ ಸಾಲನ್ನು ಕೂಡಲೇ ಸೇರಿಸಿದೆ. ಮೊಳೆಗಳನ್ನು ಮಾತ್ರ ಕೀಳಲಿಲ್ಲ, ಅಷ್ಟು ಮಮತೆ.

೩

ನಮ್ಮ ಗಿರಾಕಿಗಳಲ್ಲಿ ರಾಜೀವನಗರದ ಅಡುಗೆ ಕಂಟ್ರಾಕ್ಟರೊಬ್ಬರಿದ್ದರು. ಮದುವೆಗೆ ಬೇಕಾದ ದಿನಸಿ ಪಟ್ಟಿಯನ್ನು ಅವರಿಗೆ ಮುದ್ರಿಸಿಕೊಡುವುದು ನಮ್ಮ ಸಾಫ್ಟ್‌ವೇರ್. ಅದರಲ್ಲಿದ್ದ ಯಾರದೋ ಹಳೇ ಕೋಡ್, ಪಟ್ಟಿಯ ಸಾಮಾನಿನ ಜೊತೆಗೆ ಪಟ್ಟಿಗೆ ಅಂಟಿಸಿದ ಮೆಥಡ್ಡುಗಳ ಹೆಸರನ್ನೂ ಸಾಮಾನೆಂದೇ ಎಣಿಸಿ ಮುದ್ರಿಸುತ್ತಿತ್ತು. ಅದು ನನಗೆ ಗೊತ್ತಾದದ್ದು ಅವರ ಫೋನ್ ಬಂದಾಗ. ಬಾಸ್ ಸ್ಪೀಕರ್ ಹಾಕಿದ್ದರು.

"ಬೇಳೆ, ಬೆಲ್ಲ, ತುಪ್ಪ ಎಲ್ಲಾ ಸಿಕ್ತು ಸ್ವಾಮಿ. ಕೊನೇಲಿ ಬರ್ದಿದ್ರಲ್ಲ ನಾಕು, ಅದ್ರಲ್ಲಿ ಮೂರು ಓದಕ್ಕೇ ಆಗ್ಲಿಲ್ಲ, ಬಿಟ್ಬುಟ್ಟೆ. ಯೂನಿಸಾರ್ಟು, ಅದೊಂದು ದೇವರಾಜ ಮೊಹಲ್ಲಾ ಪೂರ್ತಿ ಸುತ್ತಿದ್ರೂ ಸಿಗ್ಲಿಲ್ಲ. ಅದಿಲ್ದೇನೇ ಸಾರು ಮಾಡ್ಬುಟ್ಟೆ. ರುಚಿ ಕಮ್ಮಿಯಾಗಿದ್ರೆ ಬೇಜಾರು ಮಾಡ್ಕೋಬೇಡಿ."

ಮೇಡಂ ಕಿಟಕಿಯ ಕಡೆ ತಿರುಗಿ ನಕ್ಕರು. ಬಾಸ್ ನಗಲಿಲ್ಲ. ಮೊಳೆಗಳನ್ನೆಲ್ಲ ನನ್ನ ಕೈಯಿಂದಲೇ ಕೀಳಿಸಿ, ಫೋನನ್ನು ನನ್ನ ಮೇಜಿಗೆ ತಂದಿಟ್ಟರು.

ಸೋಮವಾರ ಬೆಳಿಗ್ಗೆ ಮೊದಲ ಕರೆ ಬಂತು. ಟೀ ನೆಪ ನಡೆಯುವಂತಿರಲಿಲ್ಲ, ಎತ್ತಿದೆ. ಅದೇ ಕಂಟ್ರಾಕ್ಟರು, ದಿನಸಿ ಅಂಗಡಿಯಿಂದಲೇ ಮಾತಾಡುತ್ತಿದ್ದರು.

"ಸ್ವಾಮಿ, ಯೂನಿಸಾರ್ಟು ಬಂದೈತಂತೆ! ಕಾಲು ಕೆ.ಜಿ. ಸಾಕಾ, ಇಲ್ಲ ಅರ್ಧ ಕಟ್ಟಿಸ್ಲಾ?"