ಐದು ಗಂಟೆಯ ಫೋನು

ಹತ್ತನೇ ತರಗತಿಗೆ ಗಣಿತ ಹೇಳುವವನು ನಗೆಯ ಪ್ರಸಂಗ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅವು ದಿನಾ ಪ್ರಾರ್ಥನೆಗೆ ತಡವಾಗಿ ಬಂದು, ಕೊನೆಯ ಬೆಂಚಿನಲ್ಲಿ ಕೂತು, ನಮ್ಮನ್ನೇ ನೋಡುತ್ತಿರುತ್ತವೆ. ನನ್ನ ಮನೆ ಮುಂಡರಗಿಯಲ್ಲಿ, ನೌಕರಿ ಹಮ್ಮಿಗಿ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ. ಇಪ್ಪತ್ತು ವರ್ಷದಿಂದ ಈ ಹರೆಯದ ತಲೆಗಳಿಗೆ ಗಣಿತ ತುಂಬುತ್ತಿದ್ದೇನೆ. ಅವು ಯಾವುದನ್ನು, ಯಾವಾಗ ಒಳಗೆ ಬಿಟ್ಟುಕೊಳ್ಳುತ್ತವೆ ಎಂಬುದು ಮಾತ್ರ ಇನ್ನೂ ತಿಳಿದಿಲ್ಲ.

ಹೋದ ವರ್ಷ ನನ್ನ ಮಗನೂ ಮುಂಡರಗಿಯ ಶಾಲೆಯೊಂದರಲ್ಲಿ ಹತ್ತನೇ ತರಗತಿಯಲ್ಲಿದ್ದ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಫೇಲಾದ. ಅದೂ ಗಣಿತದಲ್ಲಿ! ಸಂತೆಯಲ್ಲಿ ಬದನೆಕಾಯಿ ಮಾರುವಾಕೆ ಕೂಡ, "ಹೌದೇನ್ರಿ ಸರ, ಖರೇನಾ?" ಎಂದು ಕೇಳಿ, ಮರುಕಕ್ಕೆ ಎರಡು ಬದನೆಕಾಯಿ ಹೆಚ್ಚಿಗೆ ಹಾಕಿದಳು. ನನಗೆ ನಿಜವಾಗಿ ಹೆದರಿಕೆಯಾಯಿತು. ಮುಖ್ಯ ಪರೀಕ್ಷೆಯಲ್ಲೂ ಹೀಗಾದರೆ ಅವನ ವರ್ಷವೂ ಹೋಗುತ್ತದೆ, ನನ್ನ ಮಾನವೂ ಹೋಗುತ್ತದೆ.

ಎಮ್ಮೆಯ ಹೊತ್ತು

ಅದೇ ಹೊತ್ತಿಗೆ ನಮ್ಮ ಹೆಡ್‌ಮಾಸ್ತರರು ಓದಿನಲ್ಲಿ ಹಿಂದುಳಿದ ಮಕ್ಕಳನ್ನು ಶಿಕ್ಷಕರಿಗೆ ದತ್ತು ಹಂಚಿದರು. ನನ್ನ ಪಾಲಿಗೆ ಐದು ಮಂದಿ ಬಂದರು. ದಿನಾ ಬೆಳಗ್ಗೆ ಐದಕ್ಕೆ ಅವರಿಗೆ ಫೋನ್ ಮಾಡಿ ಎಬ್ಬಿಸಿ, ಓದಲು ಕೂರಿಸಬೇಕು. ಐವರಲ್ಲಿ ಒಬ್ಬಳು ಹುಡುಗಿ, ಮೂರನೇ ಪೀರಿಯಡ್ಡಿಗೆ ತಪ್ಪದೆ ತೂಕಡಿಸುವವಳು. ಆಕೆಗೆ ಗಡುಸಾಗಿಯೇ ಹೇಳಿದೆ, "ನಾಳಿಂದ ಐದಕ್ಕ ಏಳಬೇಕವ್ವಾ. ಆಲಸಿತನ ನಡಿಯಂಗಿಲ್ಲ."

"ಐದಕ್ಕೇನ್ರಿ ಸರ?" ಎಂದಳು. "ನಾ ನಾಕಕ್ಕ ಎದ್ದು ಎಮ್ಮಿ ಹಿಂಡತೀನ್ರಿ. ಐದರತನಾ ಮಕ್ಕೊಳ್ಳಾಕ ಪರವಾನಗಿ ಕೊಟ್ಟೀರಂತ ನಮ್ಮವ್ವಗ ಒಂದು ಚೀಟಿ ಬರದು ಕೊಡ್ರಿ."

ತೂಕಡಿಕೆಯ ಕಾರಣ ಇಷ್ಟು ದಿನ ನನಗೆ ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಕೊನೆಗೆ ಒಂದು ಒಪ್ಪಂದವಾಯಿತು. ಐದಕ್ಕೆ ಹತ್ತು ನಿಮಿಷ ಇರುವಾಗ, ಎಮ್ಮೆಯ ಕೆಲಸ ಮುಗಿಸಿ, ಆಕೆಯೇ ಫೋನ್ ಮಾಡುತ್ತಿದ್ದಳು. "ಸರ, ಎದ್ದೀರೇನ್ರಿ? ಏಳ್ರಿ ಏಳ್ರಿ. ಉಳಿದ ನಾಕ ಮಂದಿ ನಿಮ್ಮನ್ನ ನಂಬ್ಯಾರ."

ಒಡೆದ ದನಿ

ಐವರಲ್ಲಿ ಇನ್ನೊಬ್ಬ ಹುಡುಗನಿದ್ದ. ಒಂದು ರಿಂಗಿಗೇ ಫೋನ್ ಎತ್ತುತ್ತಿದ್ದ. ದನಿ ಗೊಗ್ಗರು. ಈ ವಯಸ್ಸಿನಲ್ಲಿ ಹುಡುಗರ ಗಂಟಲು ಒಡೆಯುತ್ತದೆ ಎಂದು ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. "ಸೈನ್ ಮೂವತ್ತು ಎಷ್ಟಪಾ?" ಎಂದರೆ, "ಅರ್ಧ ರೀ ಸರ." "ಟ್ಯಾನ್ ನಲವತ್ತೈದು?" "ಒಂದು ರೀ." ಟಪಟಪ ಉತ್ತರ ಬರುತ್ತಿತ್ತು. ಒಂದು ತಿಂಗಳು ಹೀಗೇ ನಡೆಯಿತು. ಮೆಚ್ಚಿ, ಒಂದು ಬೆಳಗ್ಗೆ ಉಳಿದ ನಾಲ್ವರಿಗೆ ಫೋನ್ ಮಾಡಿ, ಇವನ ಬೆನ್ನು ತಟ್ಟಲೆಂದು ಸ್ಕೂಟರ್ ಹತ್ತಿ ಅವನ ಮನೆಗೇ ಹೋದೆ.

ಹುಡುಗ ಒಳಗೆ ಗೊರಕೆ ಹೊಡೆಯುತ್ತಿದ್ದ. ಕಟ್ಟೆಯ ಮೇಲೆ ಅವನ ಅಜ್ಜ, ಕೈಯಲ್ಲಿ ಫೋನು ಹಿಡಿದು, ನನ್ನ ಕರೆಗೆ ಕಾಯುತ್ತ ಕೂತಿದ್ದರು. ತಾವೇ ಸಿಕ್ಕಿಬಿದ್ದವರ ಹಾಗೆ ಎದ್ದು ನಿಂತರು. ಮೊಮ್ಮಗ ದಿನಾ ಸಂಜೆ ಮುಂದೆ ಕೂರಿಸಿಕೊಂಡು, ಮರುದಿನ ನಾನು ಕೇಳಬಹುದಾದ್ದನ್ನೆಲ್ಲ ಅಜ್ಜನಿಗೆ ಬಾಯಿಪಾಠ ಮಾಡಿಸುತ್ತಿದ್ದನಂತೆ. ಮೂರು ತಾಸು ನಾನು ಬೋರ್ಡಿಗೆ ಬರೆದರೂ ಕಲಿಯದವನು, ಬೆಳಗಿನ ನಿದ್ದೆ ಉಳಿಸಿಕೊಳ್ಳಲು ಇಡೀ ತ್ರಿಕೋನಮಿತಿ ಕಲಿತು, ಕಲಿಸಿಯೂ ಬಿಟ್ಟಿದ್ದ!

ನಾನು ಸಿಟ್ಟು ಮಾಡುವುದೋ ನಗುವುದೋ ತಿಳಿಯದೆ ನಿಂತಾಗ ಅಜ್ಜನೇ ಮೆಲ್ಲಗೆ ಕೇಳಿದರು, "ಸರ, ಕಾಸ್ ಅರವತ್ತೂ ಅರ್ಧ, ಸೈನ್ ಮೂವತ್ತೂ ಅರ್ಧ. ಹಿಂಗ್ಯಾಕ್ರಿ ಅಂತ ಕೇಳಿದ್ರ ಒಳಗ ಮಕ್ಕೊಂಡ ನಮ್ಮ ಮಾಸ್ತರ ಸಿಟ್ಟಿಗೇಳತಾನ್ರಿ."

ಶಿಸ್ತಿನ ಹುಡುಗ

ಊರ ಮಕ್ಕಳ ಕಥೆ ಹೀಗಾದರೆ, ಮನೆಯಲ್ಲಿ ನನ್ನ ಮಗ ಪುಸ್ತಕ ಹಿಡಿದು ನನ್ನ ಹತ್ತಿರ ಸುಳಿಯುತ್ತಿರಲಿಲ್ಲ. ಒಮ್ಮೆ ಹಿಡಿದು ಕೂರಿಸಿದೆ. ಐದು ನಿಮಿಷಕ್ಕೆ ನನ್ನ ದನಿ ಮಾಳಿಗೆ ಮುಟ್ಟಿತು. ಅವನು ಶಾಂತವಾಗಿ, "ಅಪ್ಪಾ, ನೀವು ಬೈಯೋದು ಪೂರಾ ತಿಳೀತೈತ್ರಿ. ಲೆಕ್ಕ ಅಷ್ಟ ತಿಳಿಯವಲ್ದು" ಎಂದ. ಒಳಗಿನಿಂದ ಹೆಂಡತಿ, "ಮಂದಿ ಮಕ್ಕಳಿಗೆ ಫೋನ್‌ನ್ಯಾಗ ಅಪ್ಪಾ, ಅವ್ವಾ ಅಂತೀರಿ. ಮನ್ಯಾಗ ಹೊಟ್ಟ್ಯಾಗ ಹುಟ್ಟಿದವಗ ಕತ್ತೆ ಅಂತೀರಿ" ಎಂದಳು. ಇಬ್ಬರ ಮಾತೂ ನಿಜ. ಅಂದಿನಿಂದ ಅವನಿಗೆ ಕಲಿಸುವುದನ್ನು ಬಿಟ್ಟೆ, ಚಿಂತೆ ಮಾಡುವುದನ್ನು ಬಿಡಲಿಲ್ಲ.

ದಿನಾ ಐದಕ್ಕೆ ಪಡಸಾಲೆಯಲ್ಲಿ ಕೂತು ಫೋನ್ ಹಚ್ಚುತ್ತಿದ್ದೆ. ಬರೀ ಎಬ್ಬಿಸುವುದು ಹೋಗಿ, ಬರುಬರುತ್ತ ಪ್ರಮೇಯ, ವರ್ಗ ಸಮೀಕರಣ ಎಲ್ಲ ಫೋನಿನಲ್ಲೇ ಶುರುವಾಗಿತ್ತು. ಎರಡು ಮಾರು ದೂರದಲ್ಲಿ ಮಗ ತಲೆತನಕ ಕೌದಿ ಹೊದ್ದು ಮಲಗಿರುತ್ತಿದ್ದ. ಅವನನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು.

ಪರೀಕ್ಷೆಗೆ ಹದಿನೈದು ದಿನ ಇರುವಾಗ ಅವನ ಶಾಲೆಯಲ್ಲಿ ಪಾಲಕರ ಸಭೆ. ಅಲ್ಲೂ ನಮ್ಮ ಶಾಲೆಯ ಹಾಗೆಯೇ ಮಕ್ಕಳನ್ನು ದತ್ತು ಹಂಚಿದ್ದರು. ಅವನನ್ನು ದತ್ತು ತಗೊಂಡ ಮಾಸ್ತರರು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು.

"ಏನು ಶಿಸ್ತ್ರೀ ನಿಮ್ಮ ಹುಡುಗಂದು! ಐದಕ್ಕ ನಾ ಯಾವಾಗ ಹಚ್ಚಿದ್ರೂ ನಿಮ್ಮ ಫೋನು ಬ್ಯುಸಿ. ಗೆಳೆಯರ ಕೂಡ ಲೆಕ್ಕದ ಚರ್ಚಾ ನಡಿಸ್ಯಾನ ಅಂತ ದಿನಾ 'ಎದ್ದಾನ' ಅಂತ ಬರಕೋತೀನಿ. ಮೂರು ತಿಂಗಳಾತು, ಒಂದು ದಿನಾನೂ ತಪ್ಪಿಲ್ಲ!"

ಪಕ್ಕದಲ್ಲಿದ್ದ ಮಗ ತಲೆ ತಗ್ಗಿಸಿದ. ನಾನೂ ತಗ್ಗಿಸಿದೆ.

ಫಲಿತಾಂಶದ ದಿನ

ನನ್ನ ಐವರೂ ಪಾಸಾದರು. ಎಮ್ಮೆಯ ಹುಡುಗಿ ಫೋನ್ ಮಾಡಿ, "ಸರ, ಈಗ ಮಕ್ಕೋರಿ" ಎಂದಳು. ಆದರೂ ಮಗನ ಫಲಿತಾಂಶ ನೋಡಲೆಂದು ಮೊಬೈಲು ಎತ್ತುವುದು, ನೋಡದೆ ಕೆಳಗಿಡುವುದು ಮಾಡುತ್ತಿದ್ದೆ. ಹೆಂಡತಿ ಮೊಬೈಲು ಕಸಿದುಕೊಂಡು ಓದಿದಳು. ಪಾಸು! ಗಣಿತದಲ್ಲಿ ಎಂಬತ್ತೆರಡು, ನನ್ನ ಐವರಲ್ಲಿ ಯಾರಿಗೂ ಬಾರದಷ್ಟು. ನನಗೆ ಕಣ್ಣು ತುಂಬಿ ಬಂತು. ಸಂತೋಷ ಒಂದು ಪಾಲು, ಅನುಮಾನ ಮೂರು ಪಾಲು.

"ಖರೆ ಹೇಳಲೇ, ಯಾರ ಕಡೆ ಕಲ್ತಿ?" ಎಂದೆ.

"ನಿಮ್ಮ ಕಡೇನ ರೀ ಅಪ್ಪಾ. ದಿನಾ ಐದಕ್ಕ ನೀವು ಒದರಾಕತ್ರ ನಿದ್ದಿ ಎಲ್ಲಿ ಬರಬೇಕು? ಆಕಿ ಎಮ್ಮಿ ಹುಡುಗಿ ಮೂರು ಸಲ ತಪ್ಪಿದ್ರೂ, 'ಇರಲಿ ಅವ್ವಾ, ಮತ್ತೊಮ್ಮಿ ನೋಡು' ಅಂತ ಸಮಾಧಾನದಿಂದ ಹೇಳತಿದ್ರಿ. ಮೂರನೇ ಸಲಕ್ಕ ಕೌದ್ಯಾಗ ನನಗೂ ತಿಳೀತಿತ್ತು."

"ಹಂಗಾದ್ರ ಎದ್ದು ಬಂದು ಬಾಜೂಕ ಕುಂಡ್ರಬಾರದಿತ್ತೇನಲೇ, ಮಗನ?" ಎಂದೆ.

ಅವನು ಬಾಗಿಲ ತನಕ ಸರಿದು ನಿಂತು ಹೇಳಿದ, "ಎದ್ದಿದ್ರ ನೀವು ನನಗ ಹೇಳಾಕ ಚಾಲೂ ಮಾಡತಿದ್ರಿ."